ಮನೆಗೆ ಎರಡನೆಯ ಕಾರು: ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಯಾವುದು ಮೊದಲು, ಯಾವುದು ನಂತರ

ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಕೈ ಸುಟ್ಟುಕೊಂಡವರಲ್ಲಿ ಹೆಚ್ಚಿನವರಿಗೆ ಏನೇನು ಪರೀಕ್ಷಿಸಬೇಕು ಎಂಬುದು ತಿಳಿದೇ ಇರುತ್ತದೆ. ಅವರು ಎಡವುವುದು ಕ್ರಮದಲ್ಲಿ. ಮೊದಲು ಕಾರು ನೋಡುತ್ತಾರೆ, ಬಣ್ಣ ಹಿಡಿಸುತ್ತದೆ, ಮನೆಯವರನ್ನೆಲ್ಲ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬರುತ್ತಾರೆ, ಬೇರೆ ಯಾರಾದರೂ ಕೊಂಡುಬಿಟ್ಟಾರು ಎಂಬ ಆತುರದಲ್ಲಿ ಟೋಕನ್ ಅಡ್ವಾನ್ಸ್ ಕೊಡುತ್ತಾರೆ. ಆರ್‌ಸಿ, ಅಂದರೆ ನೋಂದಣಿ ಪತ್ರ, ಕೈಗೆ ಬರುವುದು ಆಮೇಲೆ. ಅದರಲ್ಲಿ ಬ್ಯಾಂಕಿನ ಹೆಸರು ಉಳಿದಿರುತ್ತದೆ, ಅಥವಾ ಮಾಲೀಕರು ತೀರಿಹೋಗಿ ವರ್ಷವಾಗಿರುತ್ತದೆ, ಅಥವಾ ಕಾರು ಬೇರೆ ರಾಜ್ಯದ್ದಾಗಿರುತ್ತದೆ. ಕೊಟ್ಟ ಹಣ ವಾಪಸು ಬರುವುದಿಲ್ಲವೆಂಬ ಭಯಕ್ಕೆ ವ್ಯವಹಾರವನ್ನು ಹೇಗೋ ಮುಗಿಸಿಬಿಡುತ್ತಾರೆ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹಂತಗಳ ಕ್ರಮಕ್ಕೇ ಹೆಚ್ಚು ಒತ್ತು ಕೊಡಲಾಗಿದೆ. ಒಂದು ಹಂತ ತೃಪ್ತಿಕರವಾಗಿ ಮುಗಿಯದೆ ಮುಂದಿನದಕ್ಕೆ ಹೋಗಬೇಡಿ. ಯಾವುದೇ ಹಂತದಲ್ಲಿ ಕಾರನ್ನು ಬಿಟ್ಟುಬಿಡುವ ನಿರ್ಧಾರ ಮಾಡಿದರೆ ಅಲ್ಲಿಯವರೆಗೆ ನಿಮ್ಮ ಕೈಯಿಂದ ಹೋದದ್ದು ಸ್ವಲ್ಪ ಸಮಯ ಮಾತ್ರ ಆಗಿರಬೇಕು.

1. ಈ ಕಾರು ಯಾವ ಕೆಲಸಕ್ಕೆ ಎಂಬುದನ್ನು ಗೊತ್ತುಮಾಡಿಕೊಳ್ಳಿ

ಮನೆಯ ಎರಡನೆಯ ಕಾರು ಸಾಮಾನ್ಯವಾಗಿ ದೂರ ಓಡುವುದಿಲ್ಲ. ಮಕ್ಕಳನ್ನು ಶಾಲೆಗೆ ಬಿಡುವುದು, ತರಕಾರಿ ತರುವುದು, ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಡ್ರೈವಿಂಗ್ ಕಲಿತ ಮಗಳು ಕಾಲೇಜಿಗೆ ಹೋಗಿಬರುವುದು, ಇಂಥ ನಾಲ್ಕೈದು ಕಿಲೋಮೀಟರಿನ ಓಡಾಟಗಳೇ ಅದರ ಪಾಲಿಗೆ ಬರುತ್ತವೆ. ಮೊದಲ ಕಾರಿಗೆ ಬಳಸಿದ ಅಳತೆಗೋಲನ್ನೇ ಇದಕ್ಕೂ ಬಳಸಿದರೆ ಆಯ್ಕೆ ತಪ್ಪುತ್ತದೆ.

ಇಂಥ ಓಡಾಟಕ್ಕೆ ಡೀಸೆಲ್ ಕಾರು ಬೇಡ. 2020ರ ಏಪ್ರಿಲ್ 1ರಿಂದ ಹೊಗೆ ನಿಯಂತ್ರಣದ ಬಿಎಸ್6 ನಿಯಮ ಜಾರಿಗೆ ಬಂದ ನಂತರದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಕಾರು ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿ ಬಿಸಿಯಾದಾಗ ಮಾತ್ರ ಆ ಮಸಿ ಉರಿದುಹೋಗುತ್ತದೆ. ದಿನವೂ ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡುವ ಕಾರಿನಲ್ಲಿ ಫಿಲ್ಟರ್ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ, ಅದನ್ನು ಬದಲಿಸುವ ಖರ್ಚು ದುಬಾರಿ. ವರ್ಷಕ್ಕೆ ಆರೇಳು ಸಾವಿರ ಕಿಲೋಮೀಟರ್ ಓಡುವ ಮನೆಗೆ ಪೆಟ್ರೋಲ್ ಸಣ್ಣ ಕಾರೇ ಸರಿ.

ಯಾವ ವರ್ಷದ ಕಾರು ಎಂಬುದನ್ನು ಬೆಲೆಗಿಂತ ಮೊದಲು ಸುರಕ್ಷತೆಯ ಮೇಲೆ ನಿರ್ಧರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಕಟ್ಟಿಕೊಂಡು ಜಾರದಂತೆ ತಡೆಯುವ ಎಬಿಎಸ್ ಬ್ರೇಕ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಚಾಲಕರ ಏರ್‌ಬ್ಯಾಗ್, ಹಿಂದಿನ ಪಾರ್ಕಿಂಗ್ ಸೆನ್ಸರ್, ಸೀಟ್ ಬೆಲ್ಟ್ ಎಚ್ಚರಿಕೆ ಕಡ್ಡಾಯವಾದದ್ದು 2019ರ ಜುಲೈನಲ್ಲಿ. ಪಕ್ಕದ ಸೀಟಿಗೂ ಏರ್‌ಬ್ಯಾಗ್ ಎಲ್ಲ ಮಾದರಿಗಳಿಗೆ ಕಡ್ಡಾಯವಾದದ್ದು 2022ರ ಆರಂಭದಲ್ಲಿ. ಇದಕ್ಕಿಂತ ಹಳೆಯ ಬಹಳಷ್ಟು ಕಾರುಗಳಲ್ಲಿ ಈ ಸೌಲಭ್ಯಗಳು ಮೇಲಿನ ದರ್ಜೆಯ ಆವೃತ್ತಿಗಳಲ್ಲಿ ಮಾತ್ರ ಇರುತ್ತಿದ್ದವು. ಒಂದೇ ಹೆಸರಿನ 2017ರ ಎರಡು ಕಾರುಗಳಲ್ಲಿ ಒಂದಕ್ಕೆ ಏರ್‌ಬ್ಯಾಗ್ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ಕಲಿಯುವವರ ಕೈಗೂ ವಯಸ್ಸಾದವರ ಕೈಗೂ ಹೋಗುವ ಕಾರಿನಲ್ಲಿ ಎರಡು ಏರ್‌ಬ್ಯಾಗ್ ಮತ್ತು ಎಬಿಎಸ್ ಇರಲೇಬೇಕು. ಇದರಲ್ಲಿ ರಾಜಿ ಬೇಡ.

ಎಥೆನಾಲ್ ವಿಷಯವನ್ನೂ ಗಮನಿಸಿ. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್‌ಗೆ ಮೊದಲು ತಯಾರಾದ ಬಹಳಷ್ಟು ಕಾರುಗಳನ್ನು ಅದಕ್ಕಿಂತ ಕಡಿಮೆ ಎಥೆನಾಲ್‌ಗೆ ಹೊಂದುವಂತೆ ಮಾಡಲಾಗಿತ್ತು. ಹಳೆಯ ಕಾರು ಎಂಬ ಕಾರಣಕ್ಕೇ ಬಿಡಬೇಕಾಗಿಲ್ಲ, ಆದರೆ ಪೆಟ್ರೋಲ್ ಪೈಪುಗಳನ್ನು ಮೆಕ್ಯಾನಿಕ್ ಹತ್ತಿರ ನೋಡಿಸುವ ಕೆಲಸವನ್ನು ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ.

2. ಕಾರಿನ ಬೆಲೆಯ ಹೊರತಾಗಿ ಬರುವ ಖರ್ಚನ್ನು ಮೊದಲೇ ತೆಗೆದಿಡಿ

ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಹಾಕಬೇಡಿ. ಹೆಸರು ವರ್ಗಾವಣೆ, ವಿಮೆ, ಮೊದಲ ಸರ್ವಿಸ್, ಬ್ಯಾಟರಿ, ಬಹುಶಃ ನಾಲ್ಕು ಟೈರು, ಇಷ್ಟೂ ಮೊದಲ ಎರಡು ತಿಂಗಳಲ್ಲೇ ಬರುವ ಖರ್ಚುಗಳು. ಕೊಳ್ಳುವ ಬೆಲೆಯ ಶೇ. 10ರಿಂದ 15ರಷ್ಟನ್ನು ಇದಕ್ಕೆಂದು ಮೀಸಲಿಟ್ಟು, ಉಳಿದದ್ದೇ ನಿಮ್ಮ ಬಜೆಟ್ ಎಂದು ತಿಳಿಯಿರಿ. ಸಾಲ ಮಾಡುವುದಾದರೆ ಹಳೆಯ ಕಾರಿನ ಸಾಲಕ್ಕೆ ಹೊಸ ಕಾರಿನ ಸಾಲಕ್ಕಿಂತ ಬಡ್ಡಿ ಹೆಚ್ಚು ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ಲೆಕ್ಕವನ್ನು ಹಲವರು ಮರೆಯುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದು ಹೊಸ ಕಾರುಗಳ ಬೆಲೆ ಕಡಿಮೆಯಾಗಿದೆ. ಮಾರುವವರು ತಾವು ಕೊಂಡಾಗಿನ ಬಿಲ್ ತೋರಿಸಿ ಅದರಿಂದ ಕಳೆಯುತ್ತ ಬರುತ್ತಾರೆ. ನೀವು ಅದೇ ಮಾದರಿಯ ಹೊಸ ಕಾರಿನ ಇಂದಿನ ಆನ್‌ರೋಡ್ ಬೆಲೆಯಿಂದ ಕಳೆಯಿರಿ.

3. ಮಾರುತ್ತಿರುವವರು ಯಾರು ಎಂಬುದನ್ನು ತಿಳಿಯಿರಿ

ನೇರವಾಗಿ ಮಾಲೀಕರಿಂದಲೇ ಕೊಳ್ಳುವುದಾದರೆ ಕಾರಿನ ಇತಿಹಾಸ ಸಿಗುತ್ತದೆ, ಬೆಲೆಯೂ ಸ್ವಲ್ಪ ಕಡಿಮೆ. ಕಂಪನಿಗಳ ಯೂಸ್ಡ್ ಕಾರ್ ಶೋರೂಮ್‌ಗಳಲ್ಲಿ ಬೆಲೆ ಹೆಚ್ಚಾದರೂ ಕಾಗದಪತ್ರದ ಕೆಲಸ ಅವರದು, ಕೆಲವರು ವಾರಂಟಿಯನ್ನೂ ಕೊಡುತ್ತಾರೆ. ವಾರಂಟಿ ಪತ್ರದಲ್ಲಿ ಏನು ಸೇರಿಲ್ಲ ಎಂಬ ಭಾಗವನ್ನು ಮೊದಲು ಓದಿ. ಅಲ್ಲಿ ಕ್ಲಚ್, ಸಸ್ಪೆನ್ಷನ್, ಎಸಿ ಹೊರಗಿದ್ದರೆ ಆ ವಾರಂಟಿಯಿಂದ ನಿಮಗೆ ಹೆಚ್ಚಿನ ಉಪಯೋಗವಿಲ್ಲ.

ಅತಿ ಹೆಚ್ಚು ಎಚ್ಚರಿಕೆ ಬೇಕಾದದ್ದು ಮಧ್ಯವರ್ತಿಗಳ ವಿಷಯದಲ್ಲಿ. ಮೊದಲ ಮಾಲೀಕರಿಂದ ಖಾಲಿ ಫಾರಂಗಳಿಗೆ ಸಹಿ ಹಾಕಿಸಿಕೊಂಡು, ಕಾರನ್ನು ತಮ್ಮ ಹೆಸರಿಗೆ ಮಾಡಿಕೊಳ್ಳದೆ, ಕೈಯಿಂದ ಕೈಗೆ ಮಾರುವುದು ನಮ್ಮಲ್ಲಿ ಹಳೆಯ ರೂಢಿ. ಇದನ್ನು ತಡೆಯಲೆಂದೇ 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ಡೀಲರುಗಳು ಆರ್‌ಟಿಒದಿಂದ ಅಧಿಕಾರಪತ್ರ ಪಡೆಯಬೇಕು ಮತ್ತು ವಾಹನ ತಮ್ಮ ವಶಕ್ಕೆ ಬಂದದ್ದನ್ನು ಫಾರಂ 29ಸಿ ಮೂಲಕ ತಿಳಿಸಬೇಕು ಎಂಬ ನಿಯಮ ಬಂದಿದೆ. ಡೀಲರ್ ಆಗಿದ್ದರೆ ಆ ಅಧಿಕಾರಪತ್ರವನ್ನು ಕೇಳಿ. ಮೊದಲ ಮಾಲೀಕರೊಡನೆ ಒಮ್ಮೆ ಫೋನಿನಲ್ಲಾದರೂ ಮಾತನಾಡಿಸಿ ಎಂದು ಕೇಳಿದಾಗ ನೆಪ ಹೇಳುವವರ ಹತ್ತಿರ ಕೊಳ್ಳಬೇಡಿ.

4. ಕಾರಿಗಿಂತ ಮೊದಲು ಕಾಗದ ನೋಡಿ

ಕಾರು ನೋಡಲು ಹೊರಡುವ ಮೊದಲೇ ನೋಂದಣಿ ಸಂಖ್ಯೆಯನ್ನು, ಆರ್‌ಸಿ ಮತ್ತು ವಿಮೆಯ ಫೋಟೊಗಳನ್ನು ಕೇಳಿ ಪಡೆಯಿರಿ. ಎಂಪರಿವಾಹನ್ ಆ್ಯಪ್‌ನಲ್ಲಿ ಅಥವಾ ಪರಿವಾಹನ್ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ನೋಂದಣಿಯ ದಿನಾಂಕ, ಇಂಧನ, ವಾಹನದ ವರ್ಗ, ವಿಮೆಯ ಅವಧಿ, ಸಾಲ ಕೊಟ್ಟವರ ವಿವರ, ಕಪ್ಪುಪಟ್ಟಿಯಲ್ಲಿದ್ದರೆ ಆ ಮಾಹಿತಿ ಎಲ್ಲವೂ ಕಾಣುತ್ತವೆ. ಇವನ್ನು ಫೋಟೊದೊಡನೆ ಒಂದೊಂದಾಗಿ ಹೋಲಿಸಿ. ವಾಹನ ಕಳುವಾಗಿದೆಯೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವಾಹನ ಸಮನ್ವಯ ಸೇವೆಯಲ್ಲಿ ನೋಡಬಹುದು. ಬಾಕಿ ಇರುವ ಟ್ರಾಫಿಕ್ ದಂಡವನ್ನೂ ಅದೇ ಸಂಖ್ಯೆಯಿಂದ ಹುಡುಕಿ. ಬೆಂಗಳೂರಿನ ಕಾರುಗಳ ಮೇಲೆ ಕ್ಯಾಮೆರಾ ಹಾಕಿದ ದಂಡಗಳು ಮಾಲೀಕರಿಗೇ ಗೊತ್ತಿಲ್ಲದಂತೆ ರಾಶಿ ಬಿದ್ದಿರುತ್ತವೆ.

ಆರ್‌ಸಿಯಲ್ಲಿ ನಾಲ್ಕು ಜಾಗಗಳನ್ನು ನಿಧಾನವಾಗಿ ಓದಬೇಕು. ಒಂದು, ಎಷ್ಟನೆಯ ಮಾಲೀಕರು ಎಂಬುದು. ಎರಡು, ತಯಾರಾದ ತಿಂಗಳು ಮತ್ತು ವರ್ಷ. ಜಾಹೀರಾತಿನಲ್ಲಿ 2020 ಎಂದಿದ್ದರೂ ತಯಾರಾದದ್ದು 2019 ಆಗಿದ್ದರೆ ಬೆಲೆ ಕಟ್ಟಬೇಕಾದದ್ದು 2019ಕ್ಕೆ. ಮೂರು, ಇಂಧನ, ಸಿಎನ್‌ಜಿ ಕಿಟ್ ಆಮೇಲೆ ಹಾಕಿಸಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು ಮತ್ತು ಸಿಲಿಂಡರಿನ ಒತ್ತಡ ಪರೀಕ್ಷೆ ಮೂರು ವರ್ಷಕ್ಕೊಮ್ಮೆ ಆಗಿರಬೇಕು, ಇಲ್ಲವಾದರೆ ವಿಮೆಯ ಹಣ ಬರುವುದು ಕಷ್ಟ. ನಾಲ್ಕು, ಹೈಪೊಥಿಕೇಷನ್, ಅಂದರೆ ಕಾರಿನ ಮೇಲೆ ಸಾಲ ಕೊಟ್ಟ ಬ್ಯಾಂಕಿನ ಹೆಸರು.

ಈ ನಾಲ್ಕನೆಯದರಲ್ಲೇ ಹೆಚ್ಚಿನವರು ಸಿಕ್ಕಿಬೀಳುವುದು. "ಸಾಲ ಯಾವಾಗಲೋ ತೀರಿದೆ ಸಾರ್, ಹೆಸರು ತೆಗೆಸಿಲ್ಲ ಅಷ್ಟೆ" ಎಂಬ ಮಾತನ್ನು ನಂಬಿ ಮುಂದುವರಿಯಬೇಡಿ. ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಬ್ಯಾಂಕಿನ ಸಹಿ ಇರುವ ಫಾರಂ 35 ಎರಡೂ ಇದ್ದರೆ ಮಾತ್ರ ಆರ್‌ಟಿಒದಲ್ಲಿ ಆ ಹೆಸರು ತೆಗೆಯುತ್ತಾರೆ. ಎನ್‌ಒಸಿ ಹಳತಾಗಿದ್ದರೆ ಹೊಸದು ತರಬೇಕಾಗುತ್ತದೆ, ಅದಕ್ಕಾಗಿ ಬ್ಯಾಂಕಿಗೆ ಅಲೆಯುವ ಕೆಲಸ ಮಾರುವವರದೇ. ಸಾಲ ಇನ್ನೂ ನಡೆಯುತ್ತಿದ್ದರೆ, ಬಾಕಿ ಮೊತ್ತದ ಪತ್ರವನ್ನು ಬ್ಯಾಂಕಿನಿಂದಲೇ ತರಿಸಿ, ನಿಮ್ಮ ಹಣವನ್ನು ನೇರವಾಗಿ ಸಾಲದ ಖಾತೆಗೆ ಕಟ್ಟಿ. ಮಾರುವವರ ಕೈಗೆ ಕೊಟ್ಟು ಅವರು ಕಟ್ಟುತ್ತಾರೆಂದು ಕಾಯಬಾರದು.

ಆರ್‌ಸಿಯಲ್ಲಿರುವವರು ತೀರಿಹೋಗಿದ್ದರೆ, ಮಗನೋ ಹೆಂಡತಿಯೋ ಮಾರುವಂತಿಲ್ಲ. ಮೊದಲು ಫಾರಂ 31ರ ಮೂಲಕ ವಾರಸುದಾರರ ಹೆಸರಿಗೆ ವರ್ಗಾವಣೆಯಾಗಬೇಕು. ಅದು ಮುಗಿಯುವವರೆಗೆ ಕಾಯಿರಿ, ಇಲ್ಲವೇ ಬೇರೆ ಕಾರು ನೋಡಿ.

ವಿಮೆಯ ಪಾಲಿಸಿ ಕಾರಿನ ಆರೋಗ್ಯದ ಬಗ್ಗೆಯೂ ಒಂದು ಸುಳಿವು ಕೊಡುತ್ತದೆ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ಶೇ. 20ರಿಂದ ಶುರುವಾಗಿ ಐದು ವರ್ಷಕ್ಕೆ ಶೇ. 50 ಆಗುತ್ತದೆ. ಒಬ್ಬರೇ ಮಾಲೀಕರ ಐದಾರು ವರ್ಷದ ಕಾರಿನ ಪಾಲಿಸಿಯಲ್ಲಿ ಅದು ಸೊನ್ನೆ ಎಂದಿದ್ದರೆ ಹಿಂದಿನ ವರ್ಷ ಕ್ಲೇಮ್ ಆಗಿದೆ, ಅಥವಾ ವಿಮೆ ಬಿಟ್ಟುಹೋಗಿತ್ತು. ಯಾವುದು, ಯಾಕೆ ಎಂದು ಕೇಳಿ, ರಿಪೇರಿ ಬಿಲ್ ತರಿಸಿ ನೋಡಿ.

ಬೇರೆ ರಾಜ್ಯದ ಕಾರುಗಳ ಬಗ್ಗೆ ಒಂದು ಮಾತು. ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್ ಮತ್ತು 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲೆ ಬಂದ ನಿರ್ಬಂಧದಿಂದಾಗಿ ಅಲ್ಲಿಯ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಬರುತ್ತಿವೆ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಜೀವಿತಾವಧಿ ತೆರಿಗೆ ಬೆಲೆಗನುಗುಣವಾಗಿ ಶೇ. 13ರಿಂದ 18ರವರೆಗೆ ಇದೆ. ಹೊರರಾಜ್ಯದ ಕಾರಿಗೆ ವಯಸ್ಸಿಗೆ ತಕ್ಕಂತೆ ಇಳಿಸಿ ವಿಧಿಸಿದರೂ ಮೊತ್ತ ದೊಡ್ಡದೇ. ಅದರ ಜೊತೆಗೆ ಮೂಲ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ, ಹೊಸ ನೋಂದಣಿ, ಹೊಸ ನಂಬರ್ ಪ್ಲೇಟ್ ಎಲ್ಲ ಬೇಕು. ಇವನ್ನೆಲ್ಲ ಕೂಡಿಸಿದಾಗ ಸ್ಥಳೀಯ ಕೆಎ ಕಾರಿಗಿಂತ ಅಗ್ಗವಾಗುವುದು ಅಪರೂಪ. ಮೊದಲ ಸಲ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದಕ್ಕೆ ಕೈಹಾಕದಿರುವುದೇ ಲೇಸು.

5. ಜೊತೆಗೆ ಒಯ್ಯಬೇಕಾದವು, ನೋಡಬೇಕಾದ ಹೊತ್ತು

ಒಂದು ಒಳ್ಳೆಯ ಟಾರ್ಚು, ತೆಳು ಬಟ್ಟೆಯಲ್ಲಿ ಸುತ್ತಿದ ಫ್ರಿಜ್ ಮ್ಯಾಗ್ನೆಟ್, ಬಿಳಿ ಟಿಶ್ಯೂ ಕಾಗದ, ಕೆಳಗೆ ಮಲಗಿ ನೋಡಲು ಹಳೆಯ ಚಾಪೆ ಅಥವಾ ಗೋಣಿಚೀಲ, ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ, ಫೋನಿಗೆ ಜೋಡಿಸುವ ಸಣ್ಣ ಒಬಿಡಿ ಸ್ಕ್ಯಾನರ್, ಇಷ್ಟು ಸಾಕು. ಸ್ಕ್ಯಾನರ್ ಇಲ್ಲದಿದ್ದರೆ ಮೆಕ್ಯಾನಿಕ್ ತರುತ್ತಾರೆ.

ಬೆಳಗಿನ ಹೊತ್ತು ಹೋಗಿ. ಮಳೆಯಲ್ಲಿ, ಸಂಜೆಗತ್ತಲಲ್ಲಿ, ಬೇಸ್‌ಮೆಂಟಿನ ಟ್ಯೂಬ್‌ಲೈಟಿನ ಕೆಳಗೆ ಕಾರು ನೋಡಬೇಡಿ. ಒದ್ದೆಯಾದ ಬಣ್ಣದಲ್ಲಿ, ತಗ್ಗು ಮುಚ್ಚಲು ತುಂಬಿದ ಪುಟ್ಟಿಯೂ ಗೀರೂ ಕಾಣುವುದಿಲ್ಲ. ನೀವು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬಾರದೆಂದು ಹಿಂದಿನ ದಿನವೇ ಹೇಳಿ, ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಪರೀಕ್ಷೆಯನ್ನು ಇನ್ನೊಂದು ದಿನಕ್ಕೆ ಮುಂದೂಡಿ.

6. ಹೊರಮೈಯಲ್ಲಿ ಅಪಘಾತದ ಗುರುತು ಹುಡುಕಿ

ಮೊದಲು ಹತ್ತು ಹೆಜ್ಜೆ ದೂರದಿಂದ ಕಾರು ಒಂದು ಕಡೆಗೆ ವಾಲಿದೆಯೇ ಎಂದು ನೋಡಿ. ನಂತರ ಮೂಲೆಯಲ್ಲಿ ಕುಳಿತು ಬಾಗಿಲುಗಳ ಉದ್ದಕ್ಕೂ ಕಣ್ಣು ಹಾಯಿಸಿ. ಬಾನೆಟ್, ಫೆಂಡರ್, ಬಾಗಿಲು, ಡಿಕ್ಕಿಗಳ ನಡುವಿನ ಸಂದು ಎರಡೂ ಬದಿಯಲ್ಲಿ ಒಂದೇ ಅಗಲ ಇರಬೇಕು. ಮ್ಯಾಗ್ನೆಟ್ ಬೇರೆ ಕಡೆ ಹಿಡಿದು ಒಂದು ಜಾಗದಲ್ಲಿ ಮಾತ್ರ ಜಾರಿದರೆ ಅಲ್ಲಿ ಪುಟ್ಟಿ ತುಂಬಿದ್ದಾರೆ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಅಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ.

ಗಾಜುಗಳ ಮೂಲೆಯಲ್ಲಿರುವ ಸಣ್ಣ ಮುದ್ರೆಗಳನ್ನು ಒಂದೊಂದಾಗಿ ಓದಿ. ಎಲ್ಲ ಗಾಜುಗಳ ತಯಾರಕರೂ ವರ್ಷದ ಗುರುತೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಬಾಗಿಲಿನ ಗಾಜು ಮಾತ್ರ ಬೇರೆಯಾಗಿದ್ದರೆ ಆ ಬದಿಗೆ ಪೆಟ್ಟು ಬಿದ್ದಿರಬಹುದು. ಬಾಗಿಲು ತೆರೆದು ಚೌಕಟ್ಟಿನ ರಬ್ಬರ್ ಬೀಡಿಂಗನ್ನು ಮೆಲ್ಲಗೆ ಎಳೆದರೆ ಕೆಳಗೆ ತಗಡಿನ ಅಂಚಿನಲ್ಲಿ ಸಮಾನ ಅಂತರದಲ್ಲಿ ದುಂಡನೆಯ ತಗ್ಗುಗಳು ಕಾಣುತ್ತವೆ. ಅವು ಕಾರ್ಖಾನೆಯಲ್ಲಿ ಯಂತ್ರ ಹಾಕಿದ ಬೆಸುಗೆಯ ಗುರುತುಗಳು. ಅವು ಮಾಯವಾಗಿ ಅಂಚು ನುಣುಪಾಗಿದ್ದರೆ, ಅಥವಾ ಗಂಟುಗಂಟಾದ ಕೈಬೆಸುಗೆ ಕಂಡರೆ, ಬಾಗಿಲ ಪಕ್ಕದ ಆ ಕಂಬವನ್ನು ಕತ್ತರಿಸಿ ಜೋಡಿಸಿದ್ದಾರೆ. ಬಾನೆಟ್ ಮತ್ತು ಫೆಂಡರಿನ ಬೋಲ್ಟುಗಳ ತಲೆಯಲ್ಲಿ ಬಣ್ಣ ಕಿತ್ತು ಲೋಹ ಹೊಳೆಯುತ್ತಿದ್ದರೆ ಪಾನಾ ಬಿದ್ದಿದೆ, ಅಂದರೆ ಆ ಭಾಗವನ್ನು ಬಿಚ್ಚಿದ್ದಾರೆ ಎಂದರ್ಥ. ಡಿಕ್ಕಿಯ ಹಾಸನ್ನು ಎತ್ತಿ, ಸ್ಟೆಪ್ನಿ ತೆಗೆದು, ನೆಲದ ತಗಡು ಸುಕ್ಕುಗಟ್ಟಿದೆಯೇ ನೋಡಿ.

ಇಷ್ಟನ್ನೆಲ್ಲ ನೋಡುವಾಗ ಹದ ತಪ್ಪಬಾರದು. ನಮ್ಮ ಊರುಗಳ ಟ್ರಾಫಿಕ್‌ನಲ್ಲಿ ಐದು ವರ್ಷ ಓಡಿದ ಕಾರಿಗೆ ಬಂಪರ್ ಬಣ್ಣ ಹಾಕಿಸಿರುವುದು, ಒಂದು ಬಾಗಿಲು ಟಿಂಕರಿಂಗ್ ಆಗಿರುವುದು ಸಹಜ. ಅದು ಬೆಲೆ ಇಳಿಸಿ ಕೇಳುವ ವಿಷಯವೇ ಹೊರತು ಕಾರು ಬಿಡುವ ವಿಷಯವಲ್ಲ. ಕಂಬಗಳು, ಚಾವಣಿ, ಎಂಜಿನ್ ಪಕ್ಕದ ಒಳತಗಡು, ಶಾಸಿ, ಇವುಗಳಲ್ಲಿ ಕೆಲಸ ನಡೆದಿದ್ದರೆ ಮಾತ್ರ ಆ ಕಾರನ್ನು ಯಾವ ಬೆಲೆಗೂ ಕೊಳ್ಳಬೇಡಿ. ಮತ್ತೊಂದು ಅಪಘಾತವಾದರೆ ಒಳಗಿರುವವರನ್ನು ಕಾಯಬೇಕಾದ ಭಾಗಗಳು ಅವೇ.

ಏರ್‌ಬ್ಯಾಗ್ ಪರೀಕ್ಷೆಗೆ ಒಂದು ನಿಮಿಷವೂ ಬೇಡ. ಕೀಲಿ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಮೀಟರಿನ ದೀಪಗಳನ್ನು ನೋಡಿ. ಏರ್‌ಬ್ಯಾಗಿನ ದೀಪ ಹೊತ್ತಿ, ಕೆಲವು ಕ್ಷಣಗಳ ನಂತರ ತಾನಾಗಿ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತಲೇ ಇಲ್ಲವಾದರೆ ಇನ್ನೂ ಕೆಟ್ಟದ್ದು: ಬಿಚ್ಚಿಕೊಂಡ ಏರ್‌ಬ್ಯಾಗಿನ ಜಾಗದಲ್ಲಿ ಹೊಸದು ಹಾಕದೆ ದೀಪವನ್ನೇ ಕೆಡಿಸಿ ಮುಚ್ಚಿಟ್ಟಿರಬಹುದು.

ಕರಾವಳಿಯಲ್ಲಿ ಓಡಿದ ಕಾರುಗಳಲ್ಲಿ, ಕೆಎ 19, ಕೆಎ 20 ಸಂಖ್ಯೆಗಳಲ್ಲಿ ವಿಶೇಷವಾಗಿ, ಉಪ್ಪುಗಾಳಿಯ ತುಕ್ಕನ್ನು ನೋಡಬೇಕು. ಬಾಗಿಲಿನ ಕೆಳ ಅಂಚು, ಸೈಲೆನ್ಸರ್, ಸಸ್ಪೆನ್ಷನ್ ಕೂರುವ ಜಾಗಗಳಿಗೆ ಟಾರ್ಚು ಹಿಡಿಯಿರಿ. ಮೇಲ್ಮೈಯ ಕಂದು ಬಣ್ಣ ಚಿಂತೆಯಲ್ಲ, ಬೆರಳಿನಿಂದ ಒತ್ತಿದರೆ ಪದರ ಕಳಚುವ ತುಕ್ಕು ಚಿಂತೆಯ ವಿಷಯ.

7. ನೀರು ನುಗ್ಗಿದ ಕಾರನ್ನು ಗುರುತಿಸಿ

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಕಾರುಗಳು ಮುಳುಗಿದವು. ಚೆನ್ನೈಯಲ್ಲಿ 2015ರ ಮತ್ತು 2023ರ ಡಿಸೆಂಬರ್‌ನಲ್ಲಿ ಮುಳುಗಿದ ಕಾರುಗಳೂ ಬೇರೆ ಊರುಗಳ ಮಾರುಕಟ್ಟೆಗೆ ಬರುತ್ತವೆ. ತೊಳೆದು ಒಣಗಿಸಿದ ಮೇಲೆ ಅವು ಚೆನ್ನಾಗಿಯೇ ಓಡುತ್ತವೆ. ತಿಂಗಳುಗಳು ಕಳೆದ ಮೇಲೆ ಒಂದೊಂದೇ ವೈರು, ಸೆನ್ಸರು, ಕಂಪ್ಯೂಟರು ಕೈಕೊಡಲು ಶುರುವಾಗುತ್ತದೆ.

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಯಾರೂ ಎಳೆಯದ ಆ ಕೊನೆಯ ಮೊಳದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಬಿಳಿ ಟಿಶ್ಯೂವನ್ನು ಬೆಲ್ಟಿನ ಮೇಲೆ ಒತ್ತಿ ಎಳೆದರೆ ಮಣ್ಣಿನ ಬಣ್ಣ ಹತ್ತುತ್ತದೆ. ಸೀಟಿನ ಕೆಳಗಿನ ಹಳಿಗಳು, ಹಾಸಿನ ಅಡಿಯ ವೈರಿನ ಜೋಡಣೆಗಳು, ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್ ಪೆಟ್ಟಿಗೆ, ಸ್ಟೆಪ್ನಿಯ ಗುಂಡಿ, ಇಲ್ಲೆಲ್ಲ ಹಸಿರು ಅಥವಾ ಬಿಳಿ ಪುಡಿ, ಮಣ್ಣಿನ ಪೊರೆ ಇದೆಯೇ ನೋಡಿ. ಹೆಡ್‌ಲೈಟಿನೊಳಗೆ ಹಬೆ ಕಟ್ಟಿರುವುದು, ಹಳೆಯ ಕಾರಿಗೆ ಹೊಚ್ಚ ಹೊಸ ಹಾಸು, ಬಾಗಿಲು ತೆರೆದ ಕೂಡಲೇ ಮೂಗಿಗೆ ರಾಚುವ ಸುಗಂಧದ್ರವ್ಯ, ಇವು ಸಂಶಯಕ್ಕೆ ಕಾರಣಗಳು. ಕಿಟಕಿಗಳನ್ನು ಏರಿಸಿ ಹತ್ತು ನಿಮಿಷ ಬಿಸಿಲಿನಲ್ಲಿ ಬಿಟ್ಟರೆ ಮುಗ್ಗಲು ವಾಸನೆ ಮೇಲೇಳುತ್ತದೆ.

8. ತಣ್ಣಗಿನ ಎಂಜಿನ್ ಪರೀಕ್ಷಿಸಿ

ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಹಾಕುವ ಮುಚ್ಚಳ ತೆರೆದು ಒಳಬದಿ ನೋಡಿ. ಹಾಲು ಬೆರೆತ ಕಾಫಿಯಂತಹ ಲೋಳೆ ದಪ್ಪಗೆ ಹತ್ತಿದ್ದರೆ ಆಯಿಲ್‌ಗೆ ಕೂಲೆಂಟ್, ಅಂದರೆ ಎಂಜಿನನ್ನು ತಂಪಾಗಿಡುವ ದ್ರವ, ಸೇರುತ್ತಿರಬಹುದು. ಕೂಲೆಂಟ್ ಡಬ್ಬಿಯಲ್ಲಿ ಬಣ್ಣದ ದ್ರವವಿರಬೇಕು. ಬರಿಯ ತುಕ್ಕುನೀರಿದ್ದರೆ ನಿರ್ವಹಣೆ ಕೆಟ್ಟಿದೆ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈಹಾಕಬೇಡಿ, ಕುದಿಯುವ ನೀರು ಚಿಮ್ಮುತ್ತದೆ.

ಸ್ಟಾರ್ಟ್ ಮಾಡುವಾಗ ಒಬ್ಬರು ಸೈಲೆನ್ಸರ್ ಹಿಂದೆ ನಿಲ್ಲಲಿ. ತಣ್ಣನೆಯ ಬೆಳಗಿನಲ್ಲಿ ಒಂದೆರಡು ನಿಮಿಷದ ತೆಳು ಬಿಳಿ ಹಬೆ ಸಹಜ. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು, ಬಿಡದೆ ಬರುವ ದಟ್ಟ ಬಿಳಿ ಹೊಗೆ ಕೂಲೆಂಟ್ ಒಳಗೆ ಸೋರುತ್ತಿರುವುದರ ಗುರುತು. ಎರಡರಲ್ಲಿ ಯಾವುದು ಕಂಡರೂ ಕಾರು ಬೇಡ.

ಮೀಟರ್ ತಿರುಗಿಸುವುದು ಈಗ ಲ್ಯಾಪ್‌ಟಾಪಿನಿಂದ ಕೆಲವೇ ನಿಮಿಷದಲ್ಲಿ ಆಗುವ ಕೆಲಸ. ಆದ್ದರಿಂದ ಮೀಟರಿನ ಅಂಕಿಗಿಂತ ಸವೆತವನ್ನು ನಂಬಿ. ನಲವತ್ತು ಸಾವಿರ ಕಿಲೋಮೀಟರ್ ಓಡಿದೆ ಎನ್ನುವ ಕಾರಿನಲ್ಲಿ ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗಾಗಿ, ಸ್ಟೀರಿಂಗ್ ಹೊಳೆಯುತ್ತ, ಚಾಲಕರ ಸೀಟಿನ ಹೊರ ಅಂಚು ಕುಸಿದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ: 2319 ಎಂದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. 2022ರ ಕಾರು ಇಪ್ಪತ್ತು ಸಾವಿರವೇ ಓಡಿದೆ ಎನ್ನುತ್ತಾರೆ, ಟೈರು ಮಾತ್ರ 2024ರದ್ದು, ನಾಲ್ಕೂ ಹೊಸವು. ಹಾಗಾದರೆ ಮೊದಲ ನಾಲ್ಕು ಟೈರು ಸವೆಯುವಷ್ಟು ಎಲ್ಲಿ ಓಡಿತು ಎಂದು ಕೇಳಬೇಕು. ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಮಾಲೀಕರ ಮೂಲಕ ಕೇಳಿದರೆ ಪ್ರತಿ ಸರ್ವಿಸಿನ ದಿನಾಂಕವೂ ಆಗಿನ ಕಿಲೋಮೀಟರೂ ಸಿಗುತ್ತವೆ. ಈ ಪಟ್ಟಿ ಸಿಕ್ಕರೆ ಉಳಿದ ಅನುಮಾನಗಳು ಬಹುಮಟ್ಟಿಗೆ ಬಗೆಹರಿಯುತ್ತವೆ.

9. ಓಡಿಸಿ ನೋಡಿ, ನಂತರ ಮೆಕ್ಯಾನಿಕ್‌ಗೆ ತೋರಿಸಿ

ಮ್ಯೂಸಿಕ್ ಆರಿಸಿ, ಮೊದಲು ಎಸಿ ಇಲ್ಲದೆ, ನಂತರ ಎಸಿ ಹಾಕಿ, ಕನಿಷ್ಠ ಅರ್ಧ ಗಂಟೆ ಓಡಿಸಿ. ದಾರಿಯಲ್ಲಿ ಒಂದು ಏರು, ಕೆಲವು ಹಂಪುಗಳು, ವೇಗವಾಗಿ ಹೋಗಬಹುದಾದ ಒಂದು ರಸ್ತೆ ಇರಲಿ. ಗೇರ್ ಹಾಕಿ ವೇಗ ಕೊಟ್ಟಾಗ ಎಂಜಿನ್ ಶಬ್ದ ಏರಿದರೂ ಕಾರು ಮುನ್ನುಗ್ಗದಿದ್ದರೆ ಕ್ಲಚ್ ಮುಗಿದಿದೆ. ನೇರ ರಸ್ತೆಯಲ್ಲಿ ಸ್ಟೀರಿಂಗ್ ಸಡಿಲ ಹಿಡಿದಾಗ ಕಾರು ಒಂದು ಕಡೆಗೆ ಎಳೆಯಬಾರದು, ಬ್ರೇಕ್ ಒತ್ತಿದಾಗ ಪೆಡಲ್ ನಡುಗಬಾರದು. ಆಟೊಮ್ಯಾಟಿಕ್ ಕಾರಾದರೆ ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗುವಾಗ ಮತ್ತು ಏರಿನಲ್ಲಿ ಜಗ್ಗಾಟವಿದೆಯೇ ಎಂಬುದನ್ನು ಚೆನ್ನಾಗಿ ಗಮನಿಸಿ, ಆ ಗೇರ್‌ಬಾಕ್ಸ್ ರಿಪೇರಿಯೇ ಅತಿ ದುಬಾರಿ. ದಿನವೂ ಈ ಕಾರು ಓಡಿಸಬೇಕಾದವರು ನೀವಲ್ಲವಾದರೆ, ಹೆಂಡತಿಯೋ ತಂದೆಯೋ ಆಗಿದ್ದರೆ, ಈ ಹಂತದಲ್ಲಿ ಅವರೇ ಓಡಿಸಲಿ. ಕ್ಲಚ್ ಎಷ್ಟು ಗಟ್ಟಿ, ಸೀಟು ಎಷ್ಟು ಎತ್ತರ, ಹಿಂದಿನ ಗಾಜಿನಲ್ಲಿ ಎಷ್ಟು ಕಾಣುತ್ತದೆ ಎಂಬುದನ್ನು ಅವರು ಹೇಳಬೇಕು.

ಇದಾದ ಮೇಲೆ, ಮಾರುವವರಿಗೆ ಸಂಬಂಧವಿಲ್ಲದ, ನಿಮಗೆ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಒಯ್ದು ಕಾರನ್ನು ಲಿಫ್ಟಿನ ಮೇಲೆ ಏರಿಸಿ ನೋಡಿಸಿ. ಸ್ಕ್ಯಾನರಿನಲ್ಲಿ ಯಾವ ದೋಷವೂ ಕಾಣದೆ, ಎಂಜಿನಿನ ಸ್ವಯಂಪರೀಕ್ಷೆಗಳು ಇನ್ನೂ ಪೂರ್ಣವಾಗಿಲ್ಲ ಎಂದು ತೋರಿಸಿದರೆ, ಯಾರೋ ಇತ್ತೀಚೆಗೆ ದೋಷಗಳನ್ನು ಅಳಿಸಿದ್ದಾರೆ ಅಥವಾ ಬ್ಯಾಟರಿ ತೆಗೆದು ಹಾಕಿದ್ದಾರೆ. ಎರಡು ದಿನ ಬಿಟ್ಟು ಮತ್ತೆ ಪರೀಕ್ಷಿಸಿ. ಮೆಕ್ಯಾನಿಕ್ ಹತ್ತಿರ ಒಯ್ಯಲು ಒಪ್ಪದ ಮಾರಾಟಗಾರರೊಡನೆ ವ್ಯವಹಾರ ಮುಂದುವರಿಸಬೇಡಿ.

10. ಬೆಲೆ ಮಾತನಾಡಿ, ಬರವಣಿಗೆಯಲ್ಲಿ ಮುಂಗಡ ಕೊಡಿ

ಅದೇ ಮಾದರಿ, ಅದೇ ಆವೃತ್ತಿ, ಅದೇ ವರ್ಷದ ಹಲವು ಜಾಹೀರಾತುಗಳ ಬೆಲೆ ಬರೆದುಕೊಂಡಿರಿ. ಮೆಕ್ಯಾನಿಕ್ ಹೇಳಿದ ಟೈರು, ಬ್ರೇಕು, ಸಸ್ಪೆನ್ಷನ್ ಖರ್ಚನ್ನು ಅದರಿಂದ ಕಳೆದು ನಿಮ್ಮ ಬೆಲೆ ಹೇಳಿ. ಕಾರಣ ಹೇಳಿ ಕೇಳಿದ ಬೆಲೆಗೆ ಗೌರವವಿರುತ್ತದೆ, ಸುಮ್ಮನೆ ಐವತ್ತು ಸಾವಿರ ಕಡಿಮೆ ಮಾಡಿ ಎಂದರೆ ಮಾತು ಬೆಳೆಯುವುದಿಲ್ಲ.

ಮುಂಗಡ ಚಿಕ್ಕದಿರಲಿ, ಬ್ಯಾಂಕಿನ ಮೂಲಕವೇ ಹೋಗಲಿ. ಕಾರಿನ ಸಂಖ್ಯೆ, ಒಪ್ಪಿದ ಬೆಲೆ, ಹಸ್ತಾಂತರದ ದಿನ, ಕಾಗದದಲ್ಲಿ ತೊಡಕು ಕಂಡರೆ ಮುಂಗಡ ಪೂರ್ತಿ ಹಿಂದಿರುಗಿಸಬೇಕು ಎಂಬ ಷರತ್ತು, ಇಷ್ಟನ್ನು ಬರೆದು ಇಬ್ಬರೂ ಸಹಿ ಹಾಕಿ. ಉಳಿದ ಹಣವನ್ನೂ ಖಾತೆಗೇ ಹಾಕಿ. ಒಂದು ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧವಿದೆ. ಹೆಸರು ವರ್ಗಾವಣೆ ಮುಗಿಯುವವರೆಗೆ ಸಣ್ಣ ಮೊತ್ತವನ್ನು ಉಳಿಸಿಕೊಳ್ಳುವ ಮಾತನ್ನೂ ಆಗಲೇ ಆಡಿ.

11. ಹಸ್ತಾಂತರದ ದಿನ

ಮೂಲ ಆರ್‌ಸಿ, ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರ, ಮಾರಾಟವನ್ನು ಆರ್‌ಟಿಒಗೆ ತಿಳಿಸುವ ಫಾರಂ 29ರ ಸಹಿಯಾದ ಎರಡು ಪ್ರತಿಗಳು, ಹೆಸರು ವರ್ಗಾವಣೆಯ ಅರ್ಜಿಯಾದ ಫಾರಂ 30, ಬೇಕಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ, ಮಾರುವವರ ಗುರುತಿನ ಮತ್ತು ಪ್ಯಾನ್ ಕಾರ್ಡಿನ ಪ್ರತಿಗಳು, ಎರಡೂ ಕೀಲಿಗಳು, ಸರ್ವಿಸ್ ಪುಸ್ತಕ, ಜ್ಯಾಕು, ಪಾನಾ, ಇಷ್ಟನ್ನು ಎಣಿಸಿ ತೆಗೆದುಕೊಳ್ಳಿ. ಫಾರಂಗಳಲ್ಲಿ ಕೊಳ್ಳುವವರ ಹೆಸರು ಮತ್ತು ದಿನಾಂಕದ ಜಾಗ ಖಾಲಿ ಇರಬಾರದು. ಶಾಸಿ ನಂಬರಿನ ಪೆನ್ಸಿಲ್ ಅಚ್ಚನ್ನು ನೀವೇ ತೆಗೆದು, ಆರ್‌ಸಿಯೊಡನೆ ಅಂಕಿ ಅಂಕಿಯಾಗಿ ಹೋಲಿಸಿ.

ಡೆಲಿವರಿ ನೋಟಿನಲ್ಲಿ ದಿನಾಂಕದ ಜೊತೆಗೆ ಗಂಟೆ, ನಿಮಿಷ, ಮೀಟರಿನ ಅಂಕಿ ಬರೆಯಿರಿ. ಆ ಹೊತ್ತಿಗಿಂತ ಮೊದಲಿನ ದಂಡ, ಅಪಘಾತಗಳ ಹೊಣೆ ಅವರದು, ನಂತರದ್ದು ನಿಮ್ಮದು. ಮಾರುವವರು ತಮ್ಮ ಫಾಸ್ಟ್ಯಾಗನ್ನು ಬ್ಯಾಂಕಿಗೆ ತಿಳಿಸಿ ಮುಚ್ಚಿಸಬೇಕು. ಒಂದು ವಾಹನಕ್ಕೆ ಒಂದೇ ಫಾಸ್ಟ್ಯಾಗ್ ಇರುವುದರಿಂದ ಹಳೆಯದು ಜೀವಂತವಿದ್ದರೆ ನಿಮಗೆ ಹೊಸದು ಸಿಗುವುದಿಲ್ಲ. ಫೋನಿನ ಆ್ಯಪ್‌ಗೆ ಜೋಡಿಸಿದ ಕಾರಾದರೆ ಹಳೆಯ ಖಾತೆಯನ್ನು ನಿಮ್ಮೆದುರೇ ಬಿಡಿಸಿ. ಇಲ್ಲವಾದರೆ ಕಾರು ಎಲ್ಲಿದೆ ಎಂಬುದು ಹಿಂದಿನ ಮಾಲೀಕರ ಫೋನಿನಲ್ಲಿ ಕಾಣುತ್ತಲೇ ಇರುತ್ತದೆ.

12. ಹೆಸರು ವರ್ಗಾವಣೆ ಮತ್ತು ವಿಮೆ

ಮೋಟಾರು ವಾಹನ ಕಾಯ್ದೆಯಂತೆ ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು. ಅರ್ಜಿಯನ್ನು ಪರಿವಾಹನ್ ಜಾಲತಾಣದಲ್ಲಿ ಹಾಕಿ ಶುಲ್ಕ ಕಟ್ಟಬಹುದು. ಏಜೆಂಟರ ಮೂಲಕ ಮಾಡಿಸಿದರೂ ಅರ್ಜಿಯ ಸಂಖ್ಯೆಯನ್ನು ಕೇಳಿ ಪಡೆದು, ಅದು ಯಾವ ಹಂತದಲ್ಲಿದೆ ಎಂದು ನೀವೇ ನೋಡುತ್ತಿರಿ. ಹೆಸರು ಬದಲಾಗದ ಕಾರು ಅಪಘಾತ ಮಾಡಿದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿದೆ. ಮಾರಿದವರಿಗೆ ಇದನ್ನು ತಿಳಿಸಿದರೆ ಅವರೂ ನಿಮ್ಮಷ್ಟೇ ಅವಸರದಿಂದ ಸಹಕರಿಸುತ್ತಾರೆ.

ವಿಮೆಯ ವರ್ಗಾವಣೆಗೆ 14 ದಿನಗಳ ಗಡುವಿದೆ, ಮತ್ತು ಹೆಚ್ಚಿನವರು ಕಳೆದುಕೊಳ್ಳುವುದು ಇಲ್ಲೇ. ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ (ಥರ್ಡ್ ಪಾರ್ಟಿ) ಕಾರಿನೊಂದಿಗೆ ತಾನಾಗಿ ಬರುತ್ತದೆ. ನಿಮ್ಮ ಕಾರಿಗೆ ಆಗುವ ಹಾನಿಯ ಭಾಗ ಹಾಗೆ ಬರುವುದಿಲ್ಲ. ಹಳೆಯ ಮಾಲೀಕರ ಹೆಸರಿನ ಪಾಲಿಸಿ ಇಟ್ಟುಕೊಂಡು ಓಡಿಸುತ್ತಿದ್ದಾಗ ಕಾರಿಗೆ ಪೆಟ್ಟಾದರೆ ಕ್ಲೇಮ್ ತಿರಸ್ಕೃತವಾಗುತ್ತದೆ. ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಮಾಲೀಕರದು. ಆದ್ದರಿಂದ ಪಾಲಿಸಿ ನಿಮ್ಮ ಹೆಸರಿಗಾಗುವಾಗ ಆ ರಿಯಾಯಿತಿಯ ವ್ಯತ್ಯಾಸವನ್ನು ನೀವು ಕಟ್ಟಬೇಕಾಗುತ್ತದೆ. ಅವಧಿ ಮುಗಿಯುತ್ತ ಬಂದಿದ್ದರೆ ನಿಮ್ಮ ಹೆಸರಿನಲ್ಲಿ ಹೊಸ ಪಾಲಿಸಿ ಮಾಡಿಸುವುದೇ ಸರಳ.

ಹೊಸ ಆರ್‌ಸಿ ಕಾರ್ಡ್ ಬಂದ ದಿನವೇ ಹೆಸರಿನ ಕಾಗುಣಿತ, ವಿಳಾಸ, ಶಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಹಳೆಯ ಪ್ರತಿಯೊಡನೆ ಹೋಲಿಸಿ. ಹೈಪೊಥಿಕೇಷನ್ ತೆಗೆದಿದ್ದಾರೆಯೇ ಎಂಬುದನ್ನೂ ನೋಡಿ. ಎಲ್ಲ ಸರಿಯಿದ್ದರೆ ಉಳಿಸಿಕೊಂಡ ಮೊತ್ತವನ್ನು ಅಂದೇ ಕೊಟ್ಟುಬಿಡಿ.

13. ಮೊದಲ ತಿಂಗಳ ಕೆಲಸ

ಮಾರುವವರು ಮೊನ್ನೆಯಷ್ಟೇ ಸರ್ವಿಸ್ ಆಗಿದೆ ಎಂದಿದ್ದರೂ ಬಿಲ್ ಇಲ್ಲದಿದ್ದರೆ ಆಗಿಲ್ಲವೆಂದೇ ತಿಳಿದು, ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್ ಎಲ್ಲವನ್ನೂ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಕಾರು ಕಡಿಮೆ ಓಡಿದ್ದರೂ ಅದು ಹಳತಾಗುತ್ತದೆ, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇರುವ ಮಾದರಿಯಾದರೆ, ಅದನ್ನು ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿ. ಬದಲಿಸಿದ ದಾಖಲೆ ಇಲ್ಲದಿದ್ದರೆ ಹೊಸದು ಹಾಕಿಸಿ. ಎಸಿ ಫಿಲ್ಟರ್ ಬದಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ. ಸ್ಟೆಪ್ನಿಗೆ ಗಾಳಿ ತುಂಬಿಸಿ, ಮನೆಯಂಗಳದಲ್ಲೇ ಒಮ್ಮೆ ಜ್ಯಾಕು ಹಾಕಿ ಚಕ್ರ ಬಿಚ್ಚಿ ಕೂಡಿಸುವುದನ್ನು ಈ ಕಾರು ಓಡಿಸಲಿರುವ ಪ್ರತಿಯೊಬ್ಬರಿಗೂ ತೋರಿಸಿಕೊಡಿ.